ಬಂಗಾಳಿ ಮಾತಾಡಿದವರೆಲ್ಲ ಬಾಂಗ್ಲಾದವರೇ?

ಕಾಫಿ ಕೊಯ್ಲಿನ ಕಾಲ ಬಂತೆಂದರೆ ಬೀರೂರು ಜಂಕ್ಷನ್‌ನಲ್ಲೂ ಕಡೂರು ನಿಲ್ದಾಣದಲ್ಲೂ ಹೊಸ ಮುಖಗಳು ಇಳಿಯುತ್ತವೆ. ಅಸ್ಸಾಂ, ಪಶ್ಚಿಮ ಬಂಗಾಳ, ಬಿಹಾರ, ಜಾರ್ಖಂಡ್ ಕಡೆಯವರು. ಹೊರಗೆ ಮೇಸ್ತ್ರಿಯ ಗಾಡಿ ಕಾದಿರುತ್ತದೆ. ಕೆಲವರು ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ, ಸಂತವೇರಿ ಕಡೆಯ ತೋಟಗಳಿಗೆ ಹೋಗುತ್ತಾರೆ. ಹೆಚ್ಚಿನವರು ಚಿಕ್ಕಮಗಳೂರು, ಮೂಡಿಗೆರೆಯ ಲೈನ್ ಮನೆಗಳಿಗೆ ಸೇರುತ್ತಾರೆ. ಇದರ ಹಿಂದೆಯೇ ಯಾರದೋ ಫೋನಿನಿಂದ ವಿಡಿಯೊ ಹರಿದಾಡುತ್ತದೆ, 'ಬಾಂಗ್ಲಾದವರು ಬಂದಿಳಿದರು' ಎಂದು. ಜಿಲ್ಲೆಯ ಕಾಫಿ ತೋಟಗಳಲ್ಲಿರುವ ಕಾರ್ಮಿಕರ ದಾಖಲೆ ಪರಿಶೀಲಿಸಬೇಕೆಂಬ ಒತ್ತಾಯವೂ ವರ್ಷ ವರ್ಷ ಕೇಳಿಬರುತ್ತಿದೆ.

ಗಡಿ ದಾಟಿ ಅಕ್ರಮವಾಗಿ ಬಂದವರನ್ನು ಪತ್ತೆ ಹಚ್ಚಿ ವಾಪಸ್ ಕಳಿಸುವ ಅಧಿಕಾರ ಸರ್ಕಾರಕ್ಕಿದೆ. ಅದರಲ್ಲಿ ನನ್ನ ತಕರಾರಿಲ್ಲ. ಪತ್ತೆ ಹಚ್ಚುವ ರೀತಿಯ ಬಗ್ಗೆ ತಕರಾರಿದೆ. ರೀತಿ ಕೆಟ್ಟರೆ ಸಿಗಬೇಕಾದವನು ತಪ್ಪಿಸಿಕೊಳ್ಳುತ್ತಾನೆ, ಸಿಗಬಾರದವನು ಸಿಕ್ಕಿಬೀಳುತ್ತಾನೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಚಹಾ ಅಂಗಡಿ, ಅಡಿಕೆ ಮಂಡಿ, ಬಸ್ ನಿಲ್ದಾಣಗಳಲ್ಲಿ ಕಿವಿಗೆ ಬೀಳುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಬಂಗಾಳಿ ಮಾತಾಡುತ್ತಾರೆ, ಹಾಗಾದರೆ ಬಾಂಗ್ಲಾದೇಶದವರೇ.

ವಾಸ್ತವ: 2011ರ ಜನಗಣತಿಯಂತೆ ಭಾರತದಲ್ಲಿ ಬಂಗಾಳಿ ಮಾತೃಭಾಷೆಯವರು 9.7 ಕೋಟಿ. ಹಿಂದಿಯ ನಂತರ ದೇಶದ ಎರಡನೇ ದೊಡ್ಡ ಭಾಷೆ ಅದು, ಕನ್ನಡಿಗರ ಎರಡು ಪಟ್ಟಿಗೂ ಹೆಚ್ಚು ಜನ. ಪಶ್ಚಿಮ ಬಂಗಾಳ, ತ್ರಿಪುರಾ ಬಿಟ್ಟರೂ ಅಸ್ಸಾಮಿನ ಬರಾಕ್ ಕಣಿವೆಯ ಹೆಚ್ಚಿನ ಜನರದ್ದು ಬಂಗಾಳಿಯೇ. 1961ರ ಮೇ 19ರಂದು ಸಿಲ್ಚಾರ್‌ನಲ್ಲಿ ಆ ಭಾಷೆಗಾಗಿ ನಡೆದ ಸತ್ಯಾಗ್ರಹದ ಮೇಲೆ ಗುಂಡು ಹಾರಿ 11 ಜನ ಸತ್ತರು. ಸತ್ತದ್ದು ಭಾರತದ ನೆಲದಲ್ಲಿ. ಇನ್ನು ಅಸ್ಸಾಮಿನಿಂದ ಬರುವವರೆಲ್ಲ ಬಂಗಾಳಿಗಳೂ ಅಲ್ಲ. ಬೋಡೊಗಳಿದ್ದಾರೆ, ಚಹಾ ತೋಟಗಳ ಆದಿವಾಸಿಗಳಿದ್ದಾರೆ. ನಮ್ಮ ಕಿವಿಗೆ ಅದೆಲ್ಲ ಒಂದೇ ತರಹ ಕೇಳಿಸಿದರೆ ಅದು ಕಿವಿಯ ಮಿತಿ.

ತಪ್ಪು ಕಲ್ಪನೆ: ಆಧಾರ್ ಇದ್ದರೆ ಭಾರತೀಯ, ಇಲ್ಲದಿದ್ದರೆ ವಿದೇಶಿ.

ಎರಡೂ ತಪ್ಪು. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದವರಿಗೆ ಆಧಾರ್ ಸಿಗುತ್ತದೆ. ಹಾಗಾಗಿ ಜೆರಾಕ್ಸ್ ಇಟ್ಟುಕೊಂಡ ತೋಟದ ರೈಟರು 'ಎಲ್ಲ ಚೆಕ್ ಮಾಡಿದ್ದೇವೆ' ಎಂದರೆ ಆಳಿನ ಗುರುತು ಇದೆ ಎಂದಷ್ಟೇ ಅರ್ಥ, ಪೌರತ್ವ ತೀರ್ಮಾನವಾಗಿಲ್ಲ.

ಆಧಾರ್ ಇಲ್ಲದವನ ಕಥೆ ಇನ್ನೂ ತೊಡಕಿನದು. ಅಸ್ಸಾಮಿನಲ್ಲಿ ರಾಷ್ಟ್ರೀಯ ಪೌರತ್ವ ನೋಂದಣಿ ನಡೆಯುವಾಗ ಸುಮಾರು 27 ಲಕ್ಷ ಜನರ ಬೆರಳಚ್ಚು, ಕಣ್ಣಿನ ಗುರುತು ಪಡೆದು, ಅದನ್ನು ವ್ಯವಸ್ಥೆಯಲ್ಲೇ ತಡೆಹಿಡಿದರು. ಅದರಿಂದ ಅವರಿಗೆ ಆಧಾರ್ ಬರಲಿಲ್ಲ. ಅಂತಿಮ ಪಟ್ಟಿಯಲ್ಲಿ ಹೆಸರಿದ್ದವರೂ ಇವರಲ್ಲಿದ್ದರು. ವರ್ಷಗಟ್ಟಲೆ ಕಾದ ಮೇಲೆ, 2024ರ ಆಗಸ್ಟ್‌ನಲ್ಲಿ, 9.35 ಲಕ್ಷ ಜನರಿಗೆ ಆಧಾರ್ ಬಿಡುಗಡೆ ಮಾಡಲು ಕೇಂದ್ರ ಒಪ್ಪಿತು. ಹಾಗೆ ತಡೆಗೆ ಸಿಕ್ಕವರಲ್ಲೊಬ್ಬ ಕಡೂರಿನಲ್ಲಿ ರೈಲಿಳಿದು 'ಆಧಾರ್ ಇಲ್ಲ' ಎಂದರೆ ಆತ ಸುಳ್ಳು ಹೇಳುತ್ತಿಲ್ಲ, ಕದ್ದು ಬಂದವನೂ ಆಗಿರಬೇಕಿಲ್ಲ.

ತಪ್ಪು ಕಲ್ಪನೆ: ಅಸ್ಸಾಮಿನ ಪಟ್ಟಿಯಿಂದ ಬಿಟ್ಟುಹೋದ 19 ಲಕ್ಷ ಜನರೂ ವಿದೇಶಿಯರೆಂದು ಸಾಬೀತಾಗಿದೆ.

ಇಲ್ಲ. 2019ರ ಆಗಸ್ಟ್ 31ರ ಪಟ್ಟಿಯಿಂದ ಹೊರಗುಳಿದವರು 19,06,657. ವಿದೇಶಿ ಟ್ರಿಬ್ಯೂನಲ್ ಒಬ್ಬೊಬ್ಬರ ವಿಚಾರಣೆ ನಡೆಸಿ ತೀರ್ಪು ಕೊಡುವ ತನಕ ಯಾರೂ ವಿದೇಶಿಯಾಗುವುದಿಲ್ಲ. ತೀರ್ಪಿನ ಮೇಲೂ ಹೈಕೋರ್ಟ್, ಸುಪ್ರೀಂ ಕೋರ್ಟ್ ಇವೆ.

ತಪ್ಪು ಕಲ್ಪನೆ: ಭಾರತೀಯನೆಂದು ತೋರಿಸುವ ಹೊರೆ ಅವನ ಮೇಲೇ ಇದೆ. ಹಾಗಾಗಿ ಅನುಮಾನ ಬಂದರೆ ಹಿಡಿದು ಒಳಗೆ ಹಾಕಬಹುದು.

ಇದರ ಮೊದಲ ವಾಕ್ಯ ನಿಜ, ಎರಡನೆಯದು ಸುಳ್ಳು. ಅರ್ಧ ನಿಜವಾದ್ದರಿಂದಲೇ ಈ ಮಾತು ಇಷ್ಟು ಓಡಾಡುತ್ತಿದೆ. 1946ರ ವಿದೇಶಿಯರ ಕಾಯ್ದೆಯಲ್ಲಿ ರುಜುವಾತಿನ ಹೊರೆ ಆರೋಪಿತನ ಮೇಲಿತ್ತು. ಅದರ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಬಂದಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಹಾಗೇ ಇದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದವರಿಗೆ ಈಗ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆದರೆ ಆ ಹೊರೆ ಹೊರಿಸುವ ಮೊದಲು ಅಧಿಕಾರಿಯ ಕೈಯಲ್ಲಿ ಏನಾದರೂ ಆಧಾರ ಇರಬೇಕು. ಯಾರನ್ನೋ ಸುಮ್ಮನೆ ಆರಿಸಿ, ಮನೆ ಬಾಗಿಲು ತಟ್ಟಿ, 'ನೀನು ಭಾರತೀಯನೆಂದು ತೋರಿಸು' ಎನ್ನುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಸರಿನ ಕಾಗುಣಿತ, ಹುಟ್ಟಿದ ವರ್ಷದ ಸಣ್ಣಪುಟ್ಟ ವ್ಯತ್ಯಾಸ ಹಿಡಿದು ವಿದೇಶಿ ಎನ್ನುವುದು ಸಲ್ಲದು ಎಂದೂ ಹೇಳಿತು. ಅಸ್ಸಾಮಿನ ನಲ್ಬಾರಿಯ ಒಬ್ಬರ ಪ್ರಕರಣ ಅದು. ಅವರು ಭಾರತೀಯರೇ ಎಂಬ ಆ ತೀರ್ಪು ಬರುವ ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷ ದಾಟಿತ್ತು.

ಕಾಗುಣಿತದ ವಿಷಯ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಪಹಣಿಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು, ಮಗನ ಟಿ.ಸಿ.ಯಲ್ಲಿ ಮತ್ತೊಂದು ಇರುವ ಮನೆ ಅಜ್ಜಂಪುರದಲ್ಲಿ ಎಷ್ಟಿಲ್ಲ!

ರಾಜಧಾನಿಯಲ್ಲಿ ನಡೆದದ್ದನ್ನೂ ನೋಡಿ. 2022ರಲ್ಲಿ ಬೆಂಗಳೂರಿನಲ್ಲಿ ಪೂರ್ವ ಬರ್ಧಮಾನ್ ಜಿಲ್ಲೆಯ ದಂಪತಿಯನ್ನು ಬಾಂಗ್ಲಾದೇಶಿಗಳೆಂದು ಬಂಧಿಸಿದರು. ಜೊತೆಗೆ ಪುಟ್ಟ ಮಗು. ಜಾಮೀನು ಸಿಕ್ಕಿ ಹೊರಬರುವಾಗ 301 ದಿನ ಕಳೆದಿತ್ತು. ಅದಕ್ಕೂ ಮೊದಲು, 2020ರ ಜನವರಿಯಲ್ಲಿ, ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರ ಗುಡಿಸಲೆಂದು ಹೇಳಿ ನೂರಾರು ಶೆಡ್ಡುಗಳನ್ನು ಕೆಡವಿದರು. ನೆಲಸಮವಾದ ಶೆಡ್ಡಿನ ಮುಂದೆ ಕನ್ನಡದಲ್ಲೇ ಅಳುತ್ತ ನಿಂತವರು ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು. ಅಲ್ಲಿದ್ದವರೆಲ್ಲರಿಗೂ ಬಾಂಗ್ಲಾದೇಶಿ ಎಂಬ ಹಣೆಪಟ್ಟಿ ಹಚ್ಚಿದ್ದನ್ನು ಹೈಕೋರ್ಟ್ ಕಟುವಾಗಿ ಪ್ರಶ್ನಿಸಿತು. ಕಡೂರಿನ ಒಣ ಬಯಲಿನಿಂದ ಬೆಂಗಳೂರಿನ ಶೆಡ್ಡುಗಳಿಗೆ ಹೋಗಿ ಕೂತವರು ನಮ್ಮಲ್ಲೂ ಇದ್ದಾರೆ ಎಂಬುದನ್ನು ಇಲ್ಲಿ ನೆನೆಯದಿರಲು ನನಗಾಗದು.

ತಪ್ಪು ಕಲ್ಪನೆ: ಊರಿನ ಯುವಕರು ಲೈನ್ ಮನೆಗೆ ಹೋಗಿ ಕಾಗದ ಕೇಳಿದರೆ ತಪ್ಪೇನಿದೆ?

ತಪ್ಪಿದೆ. ಅನುಮಾನವಿದ್ದರೆ ಠಾಣೆಗೆ ತಿಳಿಸುವುದು ಪ್ರಜೆಯ ಹಕ್ಕು. ಅಡ್ಡಗಟ್ಟುವುದು, ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 126, 127ನೇ ಸೆಕ್ಷನ್‌ಗಳ ಅಪರಾಧ. ಹಾಗೆ ಹೋದವರು ವಿಡಿಯೊ ಮಾಡಿ ಹರಿಬಿಟ್ಟರಂತೂ ನಿಜವಾಗಿ ಕಳ್ಳದಾರಿಯಲ್ಲಿ ಬಂದವನಿಗೆ ಅವರೇ ಸುದ್ದಿ ಮುಟ್ಟಿಸಿದ ಹಾಗೆ. ಮರುದಿನ ಪೊಲೀಸರು ಹೋಗುವಾಗ ಅವನಿರುವುದಿಲ್ಲ, ಹೆದರಿದ ಅಸ್ಸಾಮಿನ ಸಂಸಾರ ಮಾತ್ರ ಇರುತ್ತದೆ.

ತಪ್ಪು ಕಲ್ಪನೆ: ವಿದೇಶಿ ಎಂದು ಗೊತ್ತಾದ ಮೇಲೆ ಹಕ್ಕೇನು, ಕೋರ್ಟೇನು. ರಾತ್ರೋರಾತ್ರಿ ಗಡಿ ದಾಟಿಸಿದರಾಯಿತು.

ವಾಸ್ತವ: ದೇಶದ ಯಾವ ಮೂಲೆಯಲ್ಲೂ ಓಡಾಡುವ, ನೆಲೆಸುವ 19ನೇ ವಿಧಿಯ ಹಕ್ಕು ಪ್ರಜೆಗಳಿಗೆ ಮಾತ್ರ. ಅದನ್ನು ಹಿಡಿದು ವಿದೇಶಿಯೊಬ್ಬ 'ನಾನಿಲ್ಲೇ ಇರುತ್ತೇನೆ' ಎನ್ನಲಾರ. ಆದರೆ 14 ಮತ್ತು 21ನೇ ವಿಧಿಗಳು ಇಲ್ಲಿರುವ ಯಾವ ಮನುಷ್ಯನಿಗೂ ಅನ್ವಯ. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಅವಸರದ ಫಲ ಏನೆಂಬುದು 2025ರಲ್ಲೇ ಗೊತ್ತಾಯಿತು. ಅನುಮಾನಿತರ ದಾಖಲೆಗಳನ್ನು 30 ದಿನದಲ್ಲಿ ಪರಿಶೀಲಿಸಿ ಮುಗಿಸಿ ಎಂದು ಆ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಸೂಚಿಸಿತ್ತು. ಮರುತಿಂಗಳೇ, ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ದೆಹಲಿಯಲ್ಲಿ ಹಿಡಿದು, ಗಂಡ, ಮಗುವಿನ ಸಮೇತ ಬಾಂಗ್ಲಾದೇಶಕ್ಕೆ ದಾಟಿಸಿದರು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ವಾಪಸ್ ಕರೆತರಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಡಿಸೆಂಬರ್‌ನಲ್ಲಿ ಆಕೆ, ಆಕೆಯ ಮಗ ಮರಳಿದರು. ಊರಿನ ಠಾಣೆಯಿಂದ ಸರಿಯಾಗಿ ವಿಚಾರಿಸಿದ್ದರೆ ಕೆಲವೇ ದಿನಗಳಲ್ಲಿ ಮುಗಿಯುತ್ತಿದ್ದ ಕೆಲಸವದು.

ಗಡಿಪಾರಿನ ನಿಜವಾದ ವಿಧಾನ ನಿಧಾನದ್ದು. ಇಂಥವನು ನಮ್ಮವನೇ ಎಂದು ಆ ದೇಶ ಒಪ್ಪಿ ಪ್ರಯಾಣದ ಕಾಗದ ಕೊಡಬೇಕು. ಅಲ್ಲಿಯವರೆಗೆ ಇರಿಸಿಕೊಳ್ಳಲು ನಮ್ಮ ರಾಜ್ಯದಲ್ಲಿ ನೆಲಮಂಗಲದ ಹತ್ತಿರದ ಸೊಂಡೇಕೊಪ್ಪದಲ್ಲಿ ಕೇಂದ್ರವೊಂದಿದೆ, ಹಳೆಯ ಹಾಸ್ಟೆಲ್ ಕಟ್ಟಡದಲ್ಲಿ. ಇಂಥ ಜಾಗ ಜೈಲಿನಿಂದ ಬೇರೆ ಇರಬೇಕು, ಒಂದೇ ಸಂಸಾರದವರನ್ನು ಅಗಲಿಸಬಾರದು ಎಂದು 2019ರ ಜನವರಿಯ ಕೇಂದ್ರದ ಮಾದರಿ ಕೈಪಿಡಿಯೇ ಹೇಳುತ್ತದೆ. ಸುಧಾರಣೆ ಬೇಕೆನ್ನುವವರು ಮೊದಲು ಕೇಳಬೇಕಾದದ್ದು ಕಾಲಮಿತಿಯನ್ನು. ಶಿಕ್ಷೆ ಮುಗಿಸಿದವನು ಎರಡು ಸರ್ಕಾರಗಳ ಪತ್ರವ್ಯವಹಾರ ಕಾಯುತ್ತ ಎಷ್ಟು ವರ್ಷ ಕೂತಿರಬೇಕು?

ಇನ್ನೊಂದು ಸಂಗತಿ ನಮ್ಮ ಚರ್ಚೆಗಳಲ್ಲಿ ಬರುವುದೇ ಇಲ್ಲ. ಕಾನೂನು ಬಾಂಗ್ಲಾದೇಶಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಅಲ್ಲಿಂದ 2024ರ ಡಿಸೆಂಬರ್ 31ರೊಳಗೆ ಕಿರುಕುಳಕ್ಕಂಜಿ ಬಂದ ಹಿಂದೂ, ಬೌದ್ಧ, ಕ್ರೈಸ್ತ ಮೊದಲಾದ ಅಲ್ಪಸಂಖ್ಯಾತರಿಗೆ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆಯ ಜೊತೆಗೇ ಹೊರಟ ಆದೇಶ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿದೆ. ಇದು ಸರಿಯೋ ತಪ್ಪೋ ಎಂದು ವಾದಿಸಬಹುದು. ಬೀದಿಯಲ್ಲಿ ನಿಂತು ತೀರ್ಮಾನಿಸುವಷ್ಟು ಸರಳ ವಿಷಯವಂತೂ ಅಲ್ಲ.

ತಪ್ಪು ಕಲ್ಪನೆ: ಹೊರಗಿನವರು ಬಂದಿದ್ದರಿಂದಲೇ ನಮ್ಮವರಿಗೆ ಕೂಲಿ ತಪ್ಪಿತು.

ಈ ಜಿಲ್ಲೆಯ ಕಾಫಿ ಹೊರಗಿನವರ ಬೆವರಿಲ್ಲದೆ ಎಂದೂ ಮನೆ ಸೇರಿದ್ದಿಲ್ಲ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಆ ಕಾಲದಲ್ಲಿ ತೋಟಗಳಿಗೆ ಘಟ್ಟದ ಕೆಳಗಿನ ತುಳುವರು ಬರುತ್ತಿದ್ದರು, ತಮಿಳರು ಬರುತ್ತಿದ್ದರು, ಇದೇ ಕಡೂರು, ಅಜ್ಜಂಪುರ ಬಯಲಿನವರು ಮಲೆ ಹತ್ತುತ್ತಿದ್ದರು. ಈಗ ಬಯಲಿನ ಹುಡುಗರು ಗಾರೆ ಕೆಲಸಕ್ಕೆ, ಕ್ಯಾಬ್ ಓಡಿಸಲಿಕ್ಕೆ, ಗಾರ್ಮೆಂಟ್ಸಿಗೆ ಹೋಗಿದ್ದಾರೆ. ಖಾಲಿಯಾದ ಲೈನ್ ಮನೆಗೆ ಅಸ್ಸಾಮಿನವರು ಬಂದರು.

ಆದರೂ ದೂರಿನಲ್ಲಿ ಹುರುಳಿಲ್ಲವೆನ್ನಲಾರೆ. ಪೊಲೀಸರ ಹೆದರಿಕೆ ಇರುವ ಆಳು ಕೊಟ್ಟಷ್ಟಕ್ಕೆ ದುಡಿಯುತ್ತಾನೆ. ಆಗ ಊರಿನ ಹೆಣ್ಣಾಳು ಹೆಚ್ಚು ಕೂಲಿ ಕೇಳಿದರೆ 'ನೀನು ಬೇಡ' ಎನ್ನುವುದು ಸಾಹುಕಾರರಿಗೆ ಸುಲಭ. ಮದ್ದು ಕೂಲಿ ಕಾನೂನಿನಲ್ಲಿದೆ. ಕನಿಷ್ಠ ಕೂಲಿಗೆ ಭಾಷೆ, ರಾಜ್ಯ ಇಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಒಳ್ಳೆಯ ಏರ್ಪಾಡಿತ್ತು: ಕರೆತಂದ ಗುತ್ತಿಗೆದಾರ ಪ್ರತಿ ಆಳಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಎಲ್ಲಿ ಕೆಲಸ, ಎಷ್ಟು ದಿನ, ಎಷ್ಟು ಕೂಲಿ ಎಂದು ಬರೆದಿರಬೇಕು. ಆ ಒಂದು ಪುಸ್ತಕವನ್ನು ನಾಲ್ಕು ದಶಕ ಪ್ರಾಮಾಣಿಕವಾಗಿ ಬರೆದಿದ್ದರೆ ಇಂದು ಪೊಲೀಸರು ಕತ್ತಲಲ್ಲಿ ತಡಕಾಡಬೇಕಿರಲಿಲ್ಲ, ಆಳಿಗೂ ರಕ್ಷಣೆ ಇರುತ್ತಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ಮೊದಲು ಐದು ವಲಸೆ ಕಾರ್ಮಿಕರಿದ್ದರೆ ಕಾನೂನು ಅನ್ವಯಿಸುತ್ತಿತ್ತು, ಈಗ ಹತ್ತು ಇರಬೇಕು. ತರೀಕೆರೆಯಲ್ಲಿ ಅಡಿಕೆ ಖೇಣಿ ಹಿಡಿದವರು ಆರೇಳು ಜನರನ್ನಿಟ್ಟುಕೊಂಡೇ ಕೊನೆ ಕೊಯ್ಯಿಸಿ, ಸುಲಿಸಿ, ಬೇಯಿಸಿ ಮುಗಿಸುತ್ತಾರೆ. ಲೆಕ್ಕದಿಂದ ಅಷ್ಟೂ ಜನ ಹೊರಗೆ. ಹೋರಾಡುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ತಪ್ಪು ಕಲ್ಪನೆ: ಮಾನವೀಯತೆ ಎಂದರೆ ಬಾಗಿಲು ತೆರೆದಿಡುವುದು.

ಅಲ್ಲ. ಯುಎಇ ಸಡಿಲ ದೇಶವೆಂದು ಯಾರೂ ಹೇಳಲಾರರು. ಅಲ್ಲಿಯ ಸರ್ಕಾರ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ವೀಸಾ ಮುಗಿದರೂ ಉಳಿದುಕೊಂಡವರಿಗೆ ಕ್ಷಮಾದಾನ ಸಾರಿತು: ದಂಡವಿಲ್ಲದೆ ಊರಿಗೆ ಹೋಗಿ, ಇಲ್ಲವೇ ಕಾಗದಪತ್ರ ಸರಿಮಾಡಿಕೊಳ್ಳಿ. ಅವಿತವರು ತಾವಾಗಿ ಬಂದು ಸರತಿಯಲ್ಲಿ ನಿಂತರು. ಕಾನೂನು ಜಾರಿಯಾಯಿತು, ಹಾಗೆ ಬಂದವರ ಬಾಗಿಲನ್ನು ಒದೆಯಬೇಕಾಗಲಿಲ್ಲ. ಮೈಸೂರು ಸರ್ಕಾರ 1960ರಲ್ಲಿ ಟಿಬೆಟಿಯನ್ನರಿಗೆ ಬೈಲಕುಪ್ಪೆಯಲ್ಲಿ ನೆಲ ಕೊಟ್ಟದ್ದೂ ನೋಂದಣಿ, ಪರವಾನಗಿಗಳ ಕಟ್ಟುಪಾಡಿನೊಳಗೇ. ಅತ್ತ, 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಕೈಕಾಲಿಗೆ ಬೇಡಿ ಹಾಕಿ ಕರೆತಂದರೆಂದು ತಿಳಿದು ಸಂಸತ್ತಿನಲ್ಲಿ ಗದ್ದಲವಾಯಿತು, ನಮ್ಮ ಹೋಟೆಲ್ ಮೇಜುಗಳಲ್ಲೂ ಕೋಪ ಕುದಿಯಿತು. ಅವರು ಅಕ್ರಮವಾಗಿ ಹೋದದ್ದು ನಿಜ. ಹಾಗಿದ್ದೂ ಬೇಡಿ ಸರಿಯಲ್ಲ ಎಂದು ಅಂದು ಅನ್ನಿಸಿದ್ದೂ ನಿಜ.

ತಪ್ಪು ಕಲ್ಪನೆ: ಇಂಥವರ ಪರ ವಕೀಲರು ನಿಂತರೆ ಅದು ದೇಶದ್ರೋಹ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರ ನೆರವು ಕೊಡುತ್ತದೆ, ಹೆಂಗಸರು, ಮಕ್ಕಳಿಗೂ ಕೊಡುತ್ತದೆ. ಪೌರತ್ವದ ಷರತ್ತು ಅದರಲ್ಲಿಲ್ಲ. ಕಡೂರು, ತರೀಕೆರೆ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳಿವೆ, 15100ಕ್ಕೆ ಕರೆ ಮಾಡಿದರೂ ನಡೆಯುತ್ತದೆ. ವಕೀಲರ ಜೊತೆಗೆ ಬಂಗಾಳಿ, ಅಸ್ಸಾಮಿ ಬಲ್ಲ ಒಬ್ಬ ದುಭಾಷಿಯೂ ಬೇಕು. ಅರ್ಥವಾಗದ ಕನ್ನಡ ಹೇಳಿಕೆಯ ಕೆಳಗೆ ಒತ್ತಿದ ಹೆಬ್ಬೆಟ್ಟಿನ ಮೇಲೆ ಯಾರದೇ ಪೌರತ್ವ ತೀರ್ಮಾನವಾಗಬಾರದು.