ಮಾದರಿ ಬಸ್ಸಿನ ಬೋರ್ಡಿಗೆ ಕ್ಲಿಯರ್ ಕೋಟ್ ಹೊಡೆಯುವ ಮುನ್ನ



ಕಳೆದ ರಾಜ್ಯೋತ್ಸವದ ದಿನ ಮಕ್ಕಳ ಕೈಕೆಲಸದ ಮೇಜಿನ ಬಳಿ ನಿಂತಿದ್ದವರಿಗೆ ಆ ಕೆಂಪು ಬಸ್ಸು ನೆನಪಿರಬಹುದು. ಬಾಗಲೂರು ಕಡೆಯಿಂದ ಬಂದಿದ್ದ ಒಂಬತ್ತನೇ ತರಗತಿಯ ಹುಡುಗ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಿದ್ದು. ಬಾಗಿಲು, ಕಿಟಕಿಯ ಸರಳು, ಹಿಂದಿನ ಏಣಿ ಎಲ್ಲವೂ ಅಚ್ಚುಕಟ್ಟಾಗಿದ್ದವು. ಮುಂದಿನ ಬೋರ್ಡಿನಲ್ಲಿದ್ದ ‘ಬೆಂಗಳೂರು – ಕೃಷ್ಣಗಿರಿ’ ಮಾತ್ರ ಸುಕ್ಕುಗಟ್ಟಿ, ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು ಕವಿದಿತ್ತು. ತಪ್ಪು ಹುಡುಗನದಲ್ಲ. “ತರೋ ಮುಂಚೆ ಮೇಲೊಂದು ಕ್ಲಿಯರ್ ಹೊಡೆದುಬಿಡಪ್ಪ, ಅಕ್ಷರ ಗಟ್ಟಿಯಾಗಿ ಕೂರುತ್ತೆ” ಎಂದು ಫೋನಿನಲ್ಲಿ ಹೇಳಿದವರು ನಾವೇ. ಎಷ್ಟು ದೂರದಿಂದ, ಎಷ್ಟು ತೆಳ್ಳಗೆ, ಯಾವ ಹೊತ್ತಿನಲ್ಲಿ ಎಂದು ಹೇಳಲಿಲ್ಲ. ಅವನು ಹಿಂದಿನ ರಾತ್ರಿ ಹೊರಗೆ ಮಳೆ ಹನಿಯುತ್ತಿರುವಾಗ ಒಂದೇ ಸಲಕ್ಕೆ ತೋಯುವಷ್ಟು ಹೊಡೆದಿದ್ದ. ಆಗ ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇವೆ.

ನಾವು ಅಂಟಿಸುವುದಕ್ಕೆಲ್ಲ ಸ್ಟಿಕ್ಕರ್ ಎಂದೇ ಅನ್ನುತ್ತೇವೆ. ಡೆಕಾಲ್ ಬೇರೆ. ಗೋಂದು ಸವರಿದ ಕಾಗದ, ಅದರ ಮೇಲೆ ಈರುಳ್ಳಿ ಸಿಪ್ಪೆಯ ಒಳಪೊರೆಯಂಥ ತೆಳು ಪದರ, ಅದರ ಮೇಲೆ ಮುದ್ರಣ. ನೀರಿನಲ್ಲಿ ಅರ್ಧ ನಿಮಿಷ ನೆನೆಸಿದರೆ ಪದರ ಜಾರಿ ಬರುತ್ತದೆ. ಮಾದರಿಯ ಮೇಲೆ ಜಾರಿಸಿ ಕೂರಿಸಿ, ನೀರನ್ನು ಮೆಲ್ಲಗೆ ಒತ್ತಿ ತೆಗೆಯಬೇಕು. ಸರಿಯಾಗಿ ಕೂತರೆ ಬಣ್ಣದಲ್ಲೇ ಬರೆದ ಹಾಗೆ ಕಾಣುತ್ತದೆ.

ಕನ್ನಡ ಅಕ್ಷರಕ್ಕೆ ಇದು ಬೇಕೇ ಬೇಕು. ಲೆಕ್ಕ ನೋಡಿ: ನಿಜವಾದ ಬಸ್ಸಿನ ಬೋರ್ಡಿನಲ್ಲಿ ಅಕ್ಷರ 20 ಸೆಂ.ಮೀ. ಎತ್ತರವಿದ್ದರೆ 1:50 ಅಳತೆಯ ಮಾದರಿಯಲ್ಲಿ ಅದು 4 ಮಿ.ಮೀ. ‘ಕೃಷ್ಣಗಿರಿ’ಯ ಷ್ಣ ಅಕ್ಷರದ ಒತ್ತು ಇನ್ನೂ ಚಿಕ್ಕದು, 2 ಮಿ.ಮೀ. ಸಿಕ್ಕರೆ ಹೆಚ್ಚು. ವಿನೈಲ್ ಸ್ಟಿಕ್ಕರ್ ಕತ್ತರಿಸುವ ಅಂಗಡಿಯವರು ಇಂಗ್ಲಿಷಿನ ದಪ್ಪ ಅಕ್ಷರ ಹೇಗೋ ಕತ್ತರಿಸಿಕೊಟ್ಟಾರು. ನಮ್ಮ ಒತ್ತು, ಕೊಂಬು, ಗುಡಿಸು ಆ ಅಳತೆಯಲ್ಲಿ ಬ್ಲೇಡಿಗೆ ಸಿಕ್ಕಿ ಎದ್ದು ಬರುತ್ತವೆ. ಡೆಕಾಲ್‌ನಲ್ಲಿ ಇಡೀ ಬೋರ್ಡು ಒಂದೇ ಪದರ, ಹಾಗಾಗಿ ಒತ್ತು ಎಲ್ಲಿಗೂ ಓಡಿಹೋಗುವುದಿಲ್ಲ. ಕಿಟ್‌ಗಳ ಜೊತೆ ಬರುವ ಹಾಳೆಗಳಲ್ಲಿ ಇಂಗ್ಲಿಷ್ ಇರುತ್ತದೆ, ಜಪಾನಿ ಇರುತ್ತದೆ. ಕನ್ನಡ ಬೇಕಾದವರು ತಾವೇ ಮುದ್ರಿಸಿಕೊಳ್ಳಬೇಕು. ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು ಸಿಗುವುದಿಲ್ಲ.

ಮುದ್ರಿಸುವಾಗಲೇ ಕ್ಲಿಯರ್ ಕೋಟಿನ ಮೊದಲ ಕೆಲಸ ಶುರು. ಇಂಕ್‌ಜೆಟ್ ಪ್ರಿಂಟರಿನ ಶಾಯಿ ಸಾಮಾನ್ಯವಾಗಿ ನೀರಿಗೆ ಕರಗುತ್ತದೆ. ಹಾಳೆ ಚೆನ್ನಾಗಿ ಒಣಗಿದ ಮೇಲೆ ಎರಡು ಮೂರು ತೆಳು ಕೋಟ್ ಹೊಡೆದು ಒಂದು ದಿನ ಬಿಟ್ಟು ಆಮೇಲೆ ನೀರಿಗೆ ಹಾಕಿ, ಇಲ್ಲವಾದರೆ ಬಟ್ಟಲಿನಲ್ಲಿ ಬಣ್ಣದ ನೀರಷ್ಟೇ ಉಳಿಯುತ್ತದೆ. ಲೇಸರ್ ಪ್ರಿಂಟರಿನ ಟೋನರ್‌ಗೆ ಆ ಭಯವಿಲ್ಲ, ಆದರೆ ಅದಕ್ಕೆ ಲೇಸರ್‌ಗೆಂದೇ ಮಾಡಿದ ಡೆಕಾಲ್ ಕಾಗದ ಬೇಕು. ಮನೆಯ ಸಾಮಾನ್ಯ ಪ್ರಿಂಟರುಗಳು ಬಿಳಿ ಬಣ್ಣ ಮುದ್ರಿಸುವುದಿಲ್ಲ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ ಬೇಕಾದವರು ಬಿಳಿ ಡೆಕಾಲ್ ಕಾಗದ ತೆಗೆದುಕೊಂಡು, ಸುತ್ತ ಕಪ್ಪು ಮುದ್ರಿಸಿ ಅಕ್ಷರದ ಜಾಗ ಖಾಲಿ ಬಿಡಬೇಕು.

ಇಷ್ಟು ಕಷ್ಟಪಟ್ಟು ಕೂರಿಸಿದ್ದನ್ನು ಹಾಗೇ ಬಿಟ್ಟರೆ ಧೂಳು ಒರೆಸಿ ಒರೆಸಿ ಅಂಚು ಏಳುತ್ತದೆ, ಬೆರಳಿನ ಬೆವರು ತಾಗಿ ಮಾಸುತ್ತದೆ. ಅದಕ್ಕೇ ಮೇಲೊಂದು ಪಾರದರ್ಶಕ ಹೊದಿಕೆ. ನಿಮ್ಮ ಮನೆಯ ಬೈಕಿನ ಟ್ಯಾಂಕಿನ ಮೇಲಿನ ಗೆರೆಗಳ ಮೇಲೆ ಉಗುರು ಆಡಿಸಿ ನೋಡಿ. ಎಷ್ಟೋ ಬೈಕುಗಳಲ್ಲಿ ಅಂಚೇ ಸಿಗುವುದಿಲ್ಲ, ಏಕೆಂದರೆ ಚಿತ್ರ ಕ್ಲಿಯರ್‌ನ ಕೆಳಗೆ ಹುದುಗಿದೆ. ಹೊಸೂರಿನ ಕಾರ್ಖಾನೆಗಳ ಪೇಂಟ್ ಶಾಪಿನಲ್ಲಿ ದುಡಿದ ನಮ್ಮ ಸದಸ್ಯರಿಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ. ಆದರೆ ವಾಹನಕ್ಕೆ ಬಳಸುವ, ಹಾರ್ಡ್‌ನರ್ ಬೆರೆಸುವ ಎರಡು ಭಾಗದ ಕ್ಲಿಯರನ್ನು ಯಾರೂ ಮನೆಗೆ ತರಬೇಡಿ. ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಉಸಿರಿನಲ್ಲಿ ಹೋದರೆ ಉಬ್ಬಸ ಹತ್ತಿಕೊಳ್ಳಬಹುದು. ಕಾರ್ಖಾನೆಯಲ್ಲಿ ಅದಕ್ಕೆ ಬೂತ್ ಇದೆ, ಗಾಳಿ ಕೊಡುವ ಮುಖವಾಡ ಇದೆ. ನಮ್ಮ ವರಾಂಡದಲ್ಲಿ ಏನೂ ಇಲ್ಲ. ನಮಗೆ ಒಂದೇ ಭಾಗದ ಅಕ್ರಿಲಿಕ್ ಕ್ಲಿಯರ್ ಸ್ಪ್ರೇ ಡಬ್ಬಿ ಸಾಕು. ಮಾದರಿ ಮಾಡುವವರಿಗೆಂದೇ ಬರುವುದರಲ್ಲಿ ತಮಿಯಾ ಕಂಪನಿಯ ಟಿಎಸ್-13 ಹೊಳಪಿನದು, ಟಿಎಸ್-80 ಹೊಳಪಿಲ್ಲದ್ದು.

ಈಗ ಬಸ್ಸಿನ ಬೋರ್ಡು ಕೆಟ್ಟದ್ದೇಕೆ ಎನ್ನುವುದಕ್ಕೆ ಬರೋಣ. ಡಬ್ಬಿಯಲ್ಲಿ ಇರುವುದು ರಾಳ, ಅದನ್ನು ಕರಗಿಸಿದ ದ್ರಾವಕ, ಹೊರಗೆ ತಳ್ಳುವ ಅನಿಲ. ಡೆಕಾಲ್‌ನ ಪದರವೂ ಹೆಚ್ಚುಕಡಿಮೆ ಅದೇ ಜಾತಿಯ ವಾರ್ನಿಷ್. ದಪ್ಪಗೆ ಹೊಡೆದರೆ ದ್ರಾವಕ ಅದರ ಮೇಲೆ ನಿಂತು ಪದರವನ್ನೇ ಮೆತ್ತಗೆ ಮಾಡುತ್ತದೆ. ಪದರ ಉಬ್ಬಿ ಸುಕ್ಕಾಗುತ್ತದೆ, ಕೆಲವೊಮ್ಮೆ ಶಾಯಿಯೂ ಹರಡುತ್ತದೆ. ಅದೇ ದ್ರಾವಕ ತೆಳ್ಳಗೆ ಬಿದ್ದರೆ ಕೆಡಿಸುವ ಮೊದಲೇ ಆರಿಹೋಗುತ್ತದೆ. ಹಾಗಾಗಿ ಮೊದಲ ಎರಡು ಕೋಟ್ ಮಂಜು ಬಿದ್ದಂತೆ ಇರಬೇಕು. ಮೇಲ್ಮೈ ಒದ್ದೆಯಾಗಿ ಹೊಳೆಯಬಾರದು, ಸ್ವಲ್ಪ ಒರಟಾಗಿ ಕಂಡರೂ ಗಾಬರಿ ಬೇಡ. ಅವು ಒಣಗಿದ ಮೇಲೆ ಅದೇ ಕವಚ. ಮೂರನೆಯದನ್ನು ತುಸು ತುಂಬಿಸಿ ಹೊಡೆಯಬಹುದು. ಡಬ್ಬಿ 25ರಿಂದ 30 ಸೆಂ.ಮೀ. ದೂರದಲ್ಲಿರಲಿ. ಗುಂಡಿ ಒತ್ತುವುದು ಮಾದರಿಯ ಆಚೆ, ಬಿಡುವುದೂ ಮಾದರಿಯ ಈಚೆ. ಮೊದಲ ಚಿಮ್ಮಿನ ದಪ್ಪ ಹನಿ ಬೋರ್ಡಿನ ಮೇಲೆ ಬೀಳಬಾರದು. ಎರಡು ಕೋಟಿನ ನಡುವೆ ಹತ್ತು ಹದಿನೈದು ನಿಮಿಷ ಕಾಯಿರಿ. ನಮ್ಮಲ್ಲಿ ಹೆಚ್ಚಿನವರು ಎಡವುವುದು ಈ ಕಾಯುವುದರಲ್ಲೇ.

ಇನ್ನು ಆ ಬಿಳಿ ಮಬ್ಬು. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದಾಗ ತಂಪೆನಿಸುವ ಹಾಗೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುವಂತೆ ಅಲ್ಲೂ ನೀರು ಕಟ್ಟಿ ಆರುತ್ತಿರುವ ಪದರದಲ್ಲಿ ಸಿಕ್ಕಿಬೀಳುತ್ತದೆ. ಅದೇ ಬೆಳ್ಳಗೆ ಕಾಣುವುದು. ನಮ್ಮ ದುರದೃಷ್ಟವೋ ಏನೋ, ದಸರಾ ಗೊಂಬೆ ಕೂರಿಸುವುದು, ರಾಜ್ಯೋತ್ಸವದ ಮೇಜು ಸಿಂಗರಿಸುವುದು ಎರಡೂ ಅಕ್ಟೋಬರ್–ನವೆಂಬರ್ ಆಸುಪಾಸಿನಲ್ಲಿ, ಹಿಂಗಾರು ಮಳೆಯ ಹೊತ್ತಿನಲ್ಲೇ ಬರುತ್ತವೆ. ಸುಮಾರು ಮೂರು ಸಾವಿರ ಅಡಿ ಎತ್ತರದ ಹೊಸೂರು, ತಳಿ ಕಡೆ ಬೆಳಿಗ್ಗೆ ಇಬ್ಬನಿ ಬೇರೆ. ಕೆಳಗಿನ ಕೃಷ್ಣಗಿರಿಯವರಿಗೆ ಬಿಸಿಲು ನಮಗಿಂತ ಧಾರಾಳ, ಆದರೆ ಮಳೆಯ ದಿನ ಅವರದ್ದೂ ಇದೇ ಪಾಡು. ಆದ್ದರಿಂದ ಮಳೆ ಬಿಟ್ಟ ದಿನ, ಬಿಸಿಲೇರಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯೊಳಗೆ ನೆರಳಿನಲ್ಲಿ ಹೊಡೆಯಿರಿ. ಬಿಸಿಲಿಗೇ ಹಿಡಿದು ಹೊಡೆದರೆ ತುಂತುರು ತಲುಪುವ ಮುಂಚೆಯೇ ಒಣಗಿ ಪುಡಿಪುಡಿಯಾಗುತ್ತದೆ. ಈಗಾಗಲೇ ಮಬ್ಬು ಬಿದ್ದಿದ್ದರೆ, ಒಣ ದಿನ ಅದೇ ಡಬ್ಬಿಯಿಂದ ಇನ್ನೊಂದು ತೆಳು ಕೋಟ್ ಹೊಡೆದಾಗ ಕೆಲವೊಮ್ಮೆ ತಿಳಿಯಾಗುತ್ತದೆ. ಸುಕ್ಕಾದದ್ದಕ್ಕೆ ಮಾತ್ರ ಮದ್ದಿಲ್ಲ, ಕೆರೆದು ತೆಗೆದು ಹೊಸದು ಅಂಟಿಸಬೇಕು.

ಕೆಳಗಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಮನೆಯ ಗೇಟಿಗೆ ಉಳಿದ ಎನಾಮಲ್ ಬಳಿದಿದ್ದರೆ ಒಳಗಿನವರೆಗೆ ಗಟ್ಟಿಯಾಗಲು ವಾರಗಳೇ ಬೇಕು. ಅದಕ್ಕೂ ಮೊದಲು ಸ್ಪ್ರೇ ಬಿದ್ದರೆ ಬಣ್ಣವೇ ಹಪ್ಪಳದಂತೆ ಏಳುತ್ತದೆ. ಹೊಳಪಿಲ್ಲದ ಒರಟು ಬಣ್ಣದ ಮೇಲೆ ಡೆಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯ ಹಾಗೆ ಮಿನುಗುತ್ತದೆ. ಮೇಲೆ ಎಷ್ಟು ಕ್ಲಿಯರ್ ಹೊಡೆದರೂ ಅದು ಹೋಗದು. ಮೊದಲು ಹೊಳಪಿನ ಕೋಟ್, ಅದರ ಮೇಲೆ ಡೆಕಾಲ್, ಒಂದೆರಡು ದಿನ ಒಣಗಿಸಿ ಒದ್ದೆ ಬಟ್ಟೆಯಿಂದ ಗೋಂದಿನ ಕಲೆ ಒರೆಸಿ, ಪುನಃ ಹೊಳಪಿನ ಕ್ಲಿಯರ್. ಕೊನೆಗೆ ಬಸ್ಸು ಕನ್ನಡಿಯ ಹಾಗೆ ಹೊಳೆಯುವುದು ಬೇಡವೆಂದರೆ ಅರೆಹೊಳಪಿನದು ಒಂದು ಕೋಟ್. ದಿನವೂ ರಸ್ತೆಯಲ್ಲಿ ಓಡುವ ಬಸ್ಸಿಗೆ ಅದೇ ಚೆಂದ ಎನ್ನುವುದು ನಮ್ಮ ಅಭಿಪ್ರಾಯ. ಕಿಟಕಿಯ ಪಾರದರ್ಶಕ ಹಾಳೆ, ಕ್ರೋಮ್ ಹೊಳಪಿನ ಭಾಗಗಳನ್ನು ಕ್ಲಿಯರ್ ಹೊಡೆದಾದ ಮೇಲೆ ಜೋಡಿಸಿ, ಇಲ್ಲವೇ ಟೇಪಿನಿಂದ ಮುಚ್ಚಿ.

ಆಟಿಕೆಗಳ ವಿಚಾರ ಬೇರೆಯದೇ. ಮೆತ್ತಗಿನ ವಿನೈಲ್ ಗೊಂಬೆಗೆ ಸ್ಪ್ರೇ ಹೊಡೆದರೆ ಅದರೊಳಗಿನ ಎಣ್ಣೆಯಂಥ ಮೃದುಕಾರಕ ಮೇಲೆ ಬಂದು, ತಿಂಗಳಾದರೂ ಕೈಗೆ ಅಂಟುತ್ತಲೇ ಇರುತ್ತದೆ. ಕೂಸು ಬಾಯಿಗಿಡುವ ಯಾವುದಕ್ಕೂ ಕ್ಲಿಯರ್ ಸ್ಪ್ರೇ ಬೇಡವೇ ಬೇಡ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಪರೀಕ್ಷೆಯಲ್ಲಿ ಬಣ್ಣದಿಂದ ಬಿಡುವ ಸೀಸದಂಥ ಧಾತುಗಳನ್ನೂ ಅಳೆಯುತ್ತಾರೆ. ಅಂಥ ಗೊಂಬೆಯ ಮೇಲೆ ನಾವು ಬೇರೆ ರಾಸಾಯನಿಕ ಬಳಿದರೆ ಆ ಪರೀಕ್ಷೆಗೆ ಅರ್ಥವೇನು? ಚನ್ನಪಟ್ಟಣದ ಗೊಂಬೆ ಹಳೆಯದಾಗಿ ಮಂಕಾಗಿದೆ, ಸ್ಪ್ರೇ ಹೊಡೆಯಲೇ ಎಂದು ಒಬ್ಬರು ಅಮ್ಮ ಕೇಳಿದ್ದರು. ಬೇಡಿ ಅಮ್ಮ. ಅದರ ಬಣ್ಣವೂ ಹೊದಿಕೆಯೂ ಒಂದೇ, ಅರಗು. ಆಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಹತ್ತುತ್ತದೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಬಡಗಿಗಳು ಪಾಲಿಶ್ ಮಾಡಿಕೊಳ್ಳುವುದೂ ಹಾಗೆಯೇ. ದ್ರಾವಕವಿರುವ ಸ್ಪ್ರೇ ಹೊಡೆದರೆ ಇದ್ದ ಹೊಳಪೂ ಕೆಡಬಹುದು. ಮೆತ್ತಗಿನ ಒಣ ಬಟ್ಟೆಯಲ್ಲಿ ಉಜ್ಜಿ, ಸಾಕು.

ಹೊಡೆಯುವ ಜಾಗದಲ್ಲಿ ದೀಪ, ಊದುಬತ್ತಿ, ಒಲೆ ಯಾವುದೂ ಉರಿಯುತ್ತಿರಬಾರದು. ಡಬ್ಬಿಯ ಅನಿಲ ಬೆಂಕಿ ಹಿಡಿಯುವಂಥದ್ದು. ಮಕ್ಕಳ ಜೊತೆ ದೊಡ್ಡವರೊಬ್ಬರು ನಿಲ್ಲಿ. ಬಟ್ಟೆಯ ಮಾಸ್ಕು ದ್ರಾವಕದ ಆವಿಯನ್ನು ತಡೆಯುವುದಿಲ್ಲ; ಪೇಂಟಿಂಗ್‌ಗೆ ಬರುವ ಕಾರ್ಟ್ರಿಜ್ ಮಾಸ್ಕು ಹಾಕಿ, ಮತ್ತು ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಚಳಿಗೆ ಡಬ್ಬಿ ಸರಿಯಾಗಿ ಚಿಮ್ಮದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ನಿಲ್ಲಿಸಿ. ಒಲೆಯ ಹತ್ತಿರ ಒಯ್ಯಬೇಡಿ.

ಬಾಗಲೂರಿನ ಹುಡುಗ ಈ ಬಾರಿಯೂ ಅದೇ ಬಸ್ಸು ತರುತ್ತಿದ್ದಾನೆ. ಬೋರ್ಡನ್ನು ಒಂದೇ ಹಾಳೆಯಲ್ಲಿ ನಾಲ್ಕು ಸಲ ಮುದ್ರಿಸಿಕೊಂಡಿದ್ದಾನೆ. ಒಂದನ್ನು ಬಸ್ಸಿನ ಬಣ್ಣವನ್ನೇ ಬಳಿದ ಪ್ಲಾಸ್ಟಿಕ್ ಚಮಚದ ಮೇಲೆ ಅಂಟಿಸಿ ಮೊದಲು ಅದಕ್ಕೆ ಹೊಡೆದು ನೋಡುತ್ತಾನಂತೆ. ಮಾದರಿ ತರುವ ಉಳಿದ ಮಕ್ಕಳೂ ಹಾಗೊಂದು ಚಮಚ ಮಾಡಿ ಜೊತೆಗೆ ತನ್ನಿ, ಮೇಜಿನ ಮೇಲೆ ಅದಕ್ಕೂ ಜಾಗ ಇಟ್ಟಿದ್ದೇವೆ. ಕ್ಲಿಯರ್ ಹೊಡೆಯುವುದನ್ನು ಹಿಂದಿನ ರಾತ್ರಿಗೆ ಉಳಿಸಿಕೊಳ್ಳದೆ, ಕನಿಷ್ಠ ಒಂದು ವಾರ ಮೊದಲೇ ಮುಗಿಸಿಡಿ.