ಬೆಕ್ಕಿನ ಸಕ್ಕರೆ ಕಾಯಿಲೆ: ತಟ್ಟೆಯಲ್ಲೂ ಸಿರಿಂಜಿನಲ್ಲೂ ಆಗುವ ತಪ್ಪುಗಳು

‘ನಾವು ಬೆಕ್ಕಿಗೆ ಸಿಹಿ ಹಾಕಿಯೇ ಇಲ್ಲ, ಸಕ್ಕರೆ ಕಾಯಿಲೆ ಹೇಗೆ ಬಂತು?’ ಪಶುವೈದ್ಯರ ಮುಂದೆ ಕುಳಿತವರಿಗೆ ಏಳುವ ಮೊದಲ ಅನುಮಾನ ಇದು. ಸಿಹಿಯ ರುಚಿ ಬೆಕ್ಕಿನ ನಾಲಿಗೆಗೆ ತಿಳಿಯುವುದೇ ಇಲ್ಲ. ಬೊಜ್ಜು, ವಯಸ್ಸು, ಮನೆಯೊಳಗೇ ಮಲಗಿ ಕಳೆಯುವ ದಿನಗಳು, ಕೆಲವೊಮ್ಮೆ ಬಹುಕಾಲ ಕೊಟ್ಟ ಸ್ಟೀರಾಯ್ಡ್ ಔಷಧ, ಇವು ಕಾಯಿಲೆಗೆ ದಾರಿ ಮಾಡುತ್ತವೆ. ಸಂತಾನಹರಣ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು.

ಕಾಯಿಲೆ ಗೊತ್ತಾದ ಮೇಲೆ ಮನುಷ್ಯರ ಪಥ್ಯ ಬೆಕ್ಕಿನ ತಟ್ಟೆಗೂ ಬರುತ್ತದೆ. ಹಾಲನ್ನ ಬಿಡಿಸಿ ರಾಗಿ ಮುದ್ದೆಯನ್ನೋ ಚಪಾತಿಯನ್ನೋ ಹಾಕಿದರೆ ಸರಿಹೋಗುತ್ತದೆಂಬ ನಂಬಿಕೆ. ಬೆಕ್ಕು ಅಪ್ಪಟ ಮಾಂಸಾಹಾರಿ. ಅದರ ಸಹಜ ಬೇಟೆಯಾದ ಇಲಿಯ ಮೈಯಲ್ಲಿ ಪಿಷ್ಟ ಅತ್ಯಲ್ಪ. ಅಕ್ಕಿಯಾಗಲಿ ರಾಗಿಯಾಗಲಿ ಗೋಧಿಯಾಗಲಿ, ಅದರ ಪಾಲಿಗೆ ಎಲ್ಲವೂ ಪಿಷ್ಟವೇ. ಅಂಗಡಿಯ ಒಣ ಕ್ಯಾಟ್ ಫುಡ್‌ನಲ್ಲೂ ಪಿಷ್ಟ ಸಾಕಷ್ಟಿರುತ್ತದೆ. ಪಿಷ್ಟ ಕಡಿಮೆ, ಪ್ರೋಟೀನ್ ಹೆಚ್ಚು ಇರುವ ತೇವದ (ವೆಟ್) ಕ್ಯಾಟ್ ಫುಡ್ ಸಾಮಾನ್ಯವಾಗಿ ಒಳ್ಳೆಯದು. ಮೂತ್ರಪಿಂಡದ ತೊಂದರೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಬರೀ ಬೇಯಿಸಿದ ಕೋಳಿಯನ್ನೇ ತಿಂಗಳುಗಟ್ಟಲೆ ಹಾಕಿದರೆ ಕ್ಯಾಲ್ಸಿಯಂನಂಥ ಪೋಷಕಾಂಶಗಳ ಕೊರತೆಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಂತೂ ಬೆಕ್ಕಿಗೆ ವಿಷ.

‘ಸಕ್ಕರೆ ಏರಿದೆ, ಒಂದು ದಿನ ಉಪವಾಸ ಕೆಡವೋಣ’ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಊಟ ಬಿಟ್ಟ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗಬಹುದು.

ಒಳ್ಳೆಯ ಆಹಾರಕ್ಕೆ ಬದಲಿಸುವಾಗಲೂ ಎಚ್ಚರ ಬೇಕು. ಪಿಷ್ಟ ಇಳಿದರೆ ಇನ್ಸುಲಿನ್‌ನ ಅಗತ್ಯವೂ ಇಳಿಯುತ್ತದೆ, ಕೆಲವೊಮ್ಮೆ ಕೆಲವೇ ದಿನಗಳಲ್ಲಿ. ಊಟ ಬದಲಾಗಿ ಡೋಸ್ ಮಾತ್ರ ಹಳೆಯದೇ ಉಳಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಹಾಗಾಗಿ ಪಶುವೈದ್ಯರಿಗೆ ಹೇಳದೆ ತಟ್ಟೆ ಬದಲಿಸಬಾರದು.

ಡೋಸ್ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಿರಿಂಜು. ‘ಸಿರಿಂಜು ಯಾವುದಾದರೇನು, ಗೆರೆ ನೋಡಿ ಎಳೆದರಾಯಿತು’ ಎಂಬ ಮಾತು ಬೆಕ್ಕನ್ನು ಕೊಲ್ಲಬಲ್ಲದು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ನೂ 100 ಯೂನಿಟ್‌ನದೂ ಸಿಗುತ್ತವೆ, ಎರಡಕ್ಕೂ ಬೇರೆ ಬೇರೆ ಸಿರಿಂಜುಗಳಿವೆ. ಬೆಕ್ಕುಗಳಿಗೆ ಹೆಚ್ಚಾಗಿ ಬರೆದುಕೊಡುವ ಗ್ಲಾರ್ಜಿನ್ ಇನ್ಸುಲಿನ್ 100ರದ್ದು. ಅದನ್ನು 40ರ ಸಿರಿಂಜಿನಲ್ಲಿ 2ರ ಗೆರೆಗೆ ಎಳೆದರೆ ಒಳಗೆ ಹೋಗುವುದು 5 ಯೂನಿಟ್. ಹಲವು ಬೆಕ್ಕುಗಳಿಗೆ ಹನ್ನೆರಡು ಗಂಟೆಗೊಮ್ಮೆ ಒಂದೇ ಯೂನಿಟ್‌ನಿಂದ ಚಿಕಿತ್ಸೆ ಶುರುವಾಗುತ್ತದೆ ಎಂಬುದನ್ನು ನೆನೆದರೆ ಈ ಎರಡೂವರೆ ಪಟ್ಟು ಎಂಥದ್ದೆಂದು ತಿಳಿದೀತು. ಪ್ರತಿ ಸಲ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಹೋಲಿಸಿ ನೋಡಲೇಬೇಕು.

‘ಇವತ್ತು 300 ಬಂತು, ಅರ್ಧ ಯೂನಿಟ್ ಏರಿಸೋಣ’ ಎಂಬುದೂ ಆತುರವೇ. ಬುಟ್ಟಿಯಲ್ಲಿ ಕೂತು, ಆಟೋ ಹತ್ತಿ, ನಾಯಿಗಳ ಬೊಗಳು ಕೇಳಿ ಆಸ್ಪತ್ರೆಗೆ ಬಂದ ಬೆಕ್ಕಿನ ಸಕ್ಕರೆ ಬರೀ ಹೆದರಿಕೆಯಿಂದಲೇ ಅಷ್ಟಕ್ಕೆ ಏರಬಹುದು. ಅದಕ್ಕೇ ಮನೆಯಲ್ಲಿ ಕಿವಿಯಂಚಿನ ಒಂದು ಹನಿ ರಕ್ತದಿಂದ ದಿನವಿಡೀ ಎರಡು ಗಂಟೆಗೊಮ್ಮೆ ನೋಡಿದ ಅಂಕಿಗಳಿಗೆ ಬೆಲೆ ಹೆಚ್ಚು. ಸಕ್ಕರೆ ಎಷ್ಟು ಕೆಳಗೆ ಇಳಿಯಿತು ಎಂಬುದು ಅವುಗಳಲ್ಲೇ ಕಾಣುವುದು. ಹೊಸ ಡೋಸ್ ಮೈಗೆ ಒಗ್ಗಲು ಕೆಲವು ದಿನ ಬೇಕು. ಒಂದು ಇಂಜೆಕ್ಷನ್ ತಪ್ಪಿತೆಂದು ಮುಂದಿನದನ್ನು ಇಮ್ಮಡಿ ಮಾಡಬಾರದು. ಕೊಟ್ಟೆನೋ ಇಲ್ಲವೋ ಎಂಬ ಗೊಂದಲವಿದ್ದರೆ ಆ ಹೊತ್ತಿನದನ್ನು ಬಿಡುವುದೇ ಕ್ಷೇಮ. ಬೆಕ್ಕು ಊಟ ಮುಟ್ಟದಿದ್ದರೂ ವಾಂತಿ ಮಾಡುತ್ತಿದ್ದರೂ ವೈದ್ಯರನ್ನು ಕೇಳದೆ ಸೂಜಿ ಚುಚ್ಚಬೇಡಿ.

ಸಕ್ಕರೆ ಅರ್ಧ ದಿನ ಏರಿದ್ದರೆ ಸಾಮಾನ್ಯವಾಗಿ ಸರಿಪಡಿಸಲು ಸಮಯವಿರುತ್ತದೆ, ತೀರಾ ಇಳಿದರೆ ಇರುವುದಿಲ್ಲ. ತೂರಾಡುವುದು, ಮಂಕಾಗುವುದು, ನಡುಗುವುದು, ಫಿಟ್ಸ್ ಬರುವುದು ಅದರ ಲಕ್ಷಣ. ಎಚ್ಚರವಿದ್ದು ತಿನ್ನುವಂತಿದ್ದರೆ ತಕ್ಷಣ ಊಟ ಕೊಡಿ. ಇಲ್ಲದಿದ್ದರೆ ಗಂಟಲಿಗೆ ಏನನ್ನೂ ಸುರಿಯದೆ, ಕಚ್ಚಿಸಿಕೊಳ್ಳದಂತೆ ಒಸಡಿಗೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಸವರಿ ಆಸ್ಪತ್ರೆಗೆ ಓಡಿ.

‘ಒಮ್ಮೆ ಶುರುವಾದರೆ ಸಾಯುವವರೆಗೂ ಇಂಜೆಕ್ಷನ್’ ಎಂದು ಕೈಚೆಲ್ಲುವವರು ತಿಳಿಯಬೇಕಾದದ್ದು: ಬೇಗ ಪತ್ತೆಯಾಗಿ, ಇನ್ಸುಲಿನ್ನೂ ಕಡಿಮೆ ಪಿಷ್ಟದ ಊಟವೂ ಸರಿಯಾಗಿ ಸಿಕ್ಕ ಎಷ್ಟೋ ಬೆಕ್ಕುಗಳಲ್ಲಿ ಕೆಲವು ತಿಂಗಳೊಳಗೆ ಇಂಜೆಕ್ಷನ್ ನಿಲ್ಲಿಸಬಹುದಾದ ಸ್ಥಿತಿ ಬರುತ್ತದೆ. ಆಗ ಹಳೆಯ ಡೋಸ್ ಮುಂದುವರಿದರೆ ಅಪಾಯ. ನಿಲ್ಲಿಸುವುದು ವೈದ್ಯರ ತೀರ್ಮಾನವೇ ಆಗಿರಲಿ. ನಿಂತ ಮೇಲೂ ಅದೇ ಊಟ, ಆಗಾಗ ಪರೀಕ್ಷೆ. ಬೆಕ್ಕು ಮತ್ತೆ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದರೆ ಕಾಯಿಲೆ ಮರಳಿರಬಹುದು, ಅಂದೇ ತೋರಿಸಿ.