ಪಾಷಾಣ ಇಡುವ ಮುನ್ನ ಹಿತ್ತಲು ನೋಡಿ



ಹಿಂಡಿ ಚೀಲದ ಮೂಲೆ ತೂತಾಗಿದೆಯೇ? ಬೂಸಾದಲ್ಲಿ ಹಿಕ್ಕೆ ಸಿಗುತ್ತಿದೆಯೇ? ನಷ್ಟ ಬರೀ ಮೇವಿನದಲ್ಲ. ಇಲಿಯ ಮೂತ್ರದಿಂದ ಹರಡುವ ಇಲಿ ಜ್ವರ ಹಸುವಿನಲ್ಲಿ ಗರ್ಭಪಾತಕ್ಕೆ ಕಾರಣವಾಗಬಲ್ಲದು. ಬರಿಗಾಲಲ್ಲಿ ಕೊಟ್ಟಿಗೆ ತೊಳೆಯುವ ನಿಮಗೂ ಕಾಲಿನ ಗಾಯದ ಮೂಲಕ ತಗಲಬಹುದು. ಇಲಿ ಕಡಿಮೆಯಾಗಲೇಬೇಕು, ನಿಜ. ಆದರೆ ಪಾಷಾಣ ಇಡುವ ಮುನ್ನ, ನಿಮ್ಮ ಹಿತ್ತಲಲ್ಲಿ ಈಗಾಗಲೇ ಇಲಿ ಹಿಡಿಯುತ್ತಿರುವವರು ಯಾರೆಂದು ಒಂದು ವಾರ ಗಮನಿಸಿ.

ಗುರುತು ಹಿಡಿಯುವುದು ಹೀಗೆ

ಗೂಬೆ: ಮರದಡಿ ಅಥವಾ ಹಳೇ ಗೋಡೆಯಡಿ ಹೆಬ್ಬೆರಳು ಗಾತ್ರದ ಕಪ್ಪು ಉಂಡೆ ಬಿದ್ದಿದೆಯೇ? ಕಡ್ಡಿಯಿಂದ ಬಿಡಿಸಿ ನೋಡಿ. ಕೂದಲು, ಇಲಿಯ ಮೂಳೆ, ಬುರುಡೆ ಸಿಗುತ್ತವೆ. ಅದು ಹಿಕ್ಕೆಯಲ್ಲ, ಗೂಬೆ ಬಾಯಿಂದ ಉಗುಳಿದ್ದು.

ಬೆಕ್ಕು: ಅರ್ಧ ತಿಂದ ಇಲಿಯನ್ನು ಹೊಸಿಲ ಬಳಿ ಬಿಟ್ಟಿರುತ್ತದೆ. ದೊಡ್ಡ ಹೆಗ್ಗಣದ ತಂಟೆಗೆ ಹೋಗುವುದು ಕಡಿಮೆ.

ಕೇರೆ ಹಾವು: ಇಡಿಯಾಗಿ ನುಂಗುವುದರಿಂದ ಇಲಿಯ ಗುರುತೇ ಉಳಿಯದು. ಬಣವೆ, ಬೇಲಿಯ ಸಂದಿಯಲ್ಲಿ ಹಾವಿನ ಪೊರೆ ಸಿಗಬಹುದು. ಇಲಿಯ ಬಿಲದೊಳಗೇ ನುಗ್ಗಿ ಮರಿಗಳನ್ನೂ ತಿನ್ನುತ್ತದೆ.

ಮುಂಗುಸಿ: ಹಗಲಲ್ಲೇ ಬೇಲಿಯಂಚಿನಲ್ಲಿ ಓಡಾಡುತ್ತದೆ. ಕೋಳಿಮರಿ ಇದ್ದವರು ಮಾತ್ರ ಜೋಪಾನ.

ಕೇರೆ ಹಾಲು ಕುಡಿಯುತ್ತದೆಯೇ?

ಒಮ್ಮೆ ಒಬ್ಬ ಸಹೋದರಿಯ ಮನೆಗೆ ಹಸು ನೋಡಲು ಹೋಗಿದ್ದೆ. ಹಾಲು ಇಳಿದಿತ್ತು. "ಕೇರೆ ಕಾಲಿಗೆ ಸುತ್ತಿ ಕುಡೀತಿತ್ತು ಡಾಕ್ಟ್ರೇ, ಹೊಡೆಸಿಬಿಟ್ಟೆ" ಎಂದರು. ಪರೀಕ್ಷಿಸಿದರೆ ಎರಡು ಮೊಲೆಗಳಲ್ಲಿ ಹೊರಗೆ ಕಾಣದ ಕೆಚ್ಚಲು ಬಾವು. ಹಾವಿಗೆ ಚೀಪುವ ತುಟಿಯಿಲ್ಲ. ಒಳಮುಖವಾಗಿ ಬಾಗಿದ ಹಲ್ಲು ತಾಗಿದರೆ ಹಸು ಸುಮ್ಮನೆ ನಿಲ್ಲುವುದೂ ಇಲ್ಲ. ಚಿಕಿತ್ಸೆಯಿಂದ ಹಾಲು ಮರಳಿತು. ಹಾವು ಮರಳಲಿಲ್ಲ. ಕೆಲವೇ ತಿಂಗಳಲ್ಲಿ ಹಿಂಡಿ ಚೀಲಗಳು ತೂತಾದವು. ಹಾಲು ಇಳಿದರೆ ಮೊದಲು ಕೆಚ್ಚಲು ಪರೀಕ್ಷೆ ಮಾಡಿಸಿ.

ಪಾಷಾಣದ ಇನ್ನೊಂದು ಮುಖ

ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯದು. ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅದನ್ನೇ ಬೆಕ್ಕು, ಗೂಬೆ ಸುಲಭವಾಗಿ ಹಿಡಿದು ತಿನ್ನುತ್ತವೆ. ರಕ್ತ ಹೆಪ್ಪುಗಟ್ಟದೆ ಅವೂ ಸಾಯಬಹುದು. ಉಳಿದ ಇಲಿಗಳು ಬೇಗ ಮರಿ ಹಾಕುತ್ತವೆ. ಗೂಬೆಯ ಸಂತಾನ ಅಷ್ಟು ಬೇಗ ಬೆಳೆಯದು.

ನೀವು ಮಾಡಬೇಕಾದ್ದು

• ಹಿಂಡಿ, ಬೂಸಾವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಮೇವು ತೆರೆದಿದ್ದರೆ ಯಾವ ಬೆಕ್ಕೂ ಗೂಬೆಯೂ ಇಲಿಯನ್ನು ಗೆಲ್ಲಲಾರದು.
• ರಾತ್ರಿ ಗೋದಲಿಯಲ್ಲಿ ಹಿಂಡಿ ಉಳಿಸಬೇಡಿ.
• ಜೋಳ, ರಾಗಿ ಹೊಲದಲ್ಲಿ ಗೂಬೆ ಕೂರಲು ಇಂಗ್ಲಿಷಿನ 'ಟಿ' ಆಕಾರದ ಕೋಲು ನೆಡಿ.
• ಇಲಿ ಇದ್ದಲ್ಲಿಗೆ ನಾಗರ, ಕೊಳಕುಮಂಡಲವೂ ಬರುತ್ತವೆ. ಮುಂಜಾವು ಕೊಟ್ಟಿಗೆಗೆ ಹೋಗುವಾಗ ಟಾರ್ಚ್, ಬೂಟು ಇರಲಿ. ಯಾವ ಹಾವೆಂದು ತಿಳಿಯದಿದ್ದರೆ ಹತ್ತಿರ ಹೋಗಬೇಡಿ, ಪರಿಣತರನ್ನು ಕರೆಸಿ.
• ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ.

ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಹಿತ್ತಲಲ್ಲಿ ಒಂದು ಸುತ್ತು ಹಾಕಿ. ಕೂಲಿ ಕೇಳದ ಆಳು ಅಲ್ಲೇ ಇರಬಹುದು.